ತ್ಯಾಂಪಣ್ಣನ ಕೊಡೆ ಮತ್ತು ನಲವತ್ತೊಂದು ಕುಡಿಕೆ

ಮತ್ತಾಯಿ ಮೇಸ್ತ್ರಿಗೆ ಈ ಲೋಕದಲ್ಲಿ ಹೆದರಿಕೆ ಇದ್ದದ್ದು ಎರಡಕ್ಕೆ. ಒಂದು ಜೂನ್ ತಿಂಗಳ ಮಳೆ, ಇನ್ನೊಂದು ತ್ಯಾಂಪಣ್ಣನ ಕೊಡೆ. ಮಳೆಯಾದರೂ ಸ್ವಲ್ಪ ಗುಡುಗಿ ಹೇಳಿ ಬರುತ್ತದೆ. ಕೊಡೆಗೆ ಅದೂ ಇಲ್ಲ. ಪಾಯದ ಕಣಿ ತೋಡುವಲ್ಲಿ ಬುಟ್ಟಿಯೊಂದನ್ನು ಕವುಚಿ ಹಾಕಿ ಅದರ ಮೇಲೆ ಕೂತಿರುವ ತ್ಯಾಂಪಣ್ಣ, ಮಡಚಿದ ಕಪ್ಪು ಕೊಡೆಯನ್ನು ಸುಮ್ಮನೆ ಮೇಲಕ್ಕೆ ಎತ್ತಿದರೆ ಮುಗಿಯಿತು. ಪಿಕ್ಕಾಸು ಎತ್ತಿದವರು ಎತ್ತಿದ ಹಾಗೆಯೇ ನಿಲ್ಲಬೇಕು. ತ್ಯಾಂಪಣ್ಣನ ಅಂಗಿಯ ಕಿಸೆಯಲ್ಲಿ ಪ್ರಾಚ್ಯವಸ್ತು ಇಲಾಖೆಯ ಕಾಗದ ಇತ್ತು.

ಕಾಗದ ಇತ್ತು ಅಂದ ಕೂಡಲೆ ದೊಡ್ಡ ಓದಿದವರು ಅಂತ ಎಣಿಸಬೇಡಿ. ಓದಿದ್ದು ನಾಲ್ಕನೇ ಕ್ಲಾಸು. ಕಸುಬು ಕೆಂಪುಕಲ್ಲು ಕಡಿಯುವುದು. ಕಾಣಿಯೂರಿನಿಂದ ಎರಡು ಮೈಲು ಆಚೆ ನಮ್ಮ ಗುಡ್ಡೆಯ ಕೋರೆಯಲ್ಲಿ ಅವರು ಕಡಿದ ಕಲ್ಲು ಸುತ್ತಿನ ಅರ್ಧ ಮನೆಗಳ ಗೋಡೆಯಲ್ಲಿ ಉಂಟು. ಆದರೆ ನೆಲದ ವಿಷಯದಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಬರಿಗಾಲಲ್ಲಿ ನಿಂತು ಹಿಮ್ಮಡಿಯಿಂದ ಎರಡು ಸಲ ಕುಟ್ಟುತ್ತಾರೆ. ಆಮೇಲೆ ಕೆಳಗೆ ಗಟ್ಟಿಯೋ ಪೊಳ್ಳೋ, ಮಣ್ಣು ಹುಟ್ಟಿದ ಹಾಗೇ ಉಂಟೋ, ಯಾರಾದರೂ ಒಮ್ಮೆ ತೆಗೆದು ತುಂಬಿದ್ದೋ, ಎಲ್ಲ ಹೇಳುತ್ತಾರೆ. ಬಾವಿ ತೋಡುವವರು ಸಹ ಅವರನ್ನು ಕರೆದು ಕುಟ್ಟಿಸಿಕೊಂಡು ಹೋಗುತ್ತಿದ್ದರು.

ಎಪ್ಪತ್ತನೇ ಇಸವಿಯಲ್ಲಿ ಅದೇ ಹಿಮ್ಮಡಿ ಕೋರೆಯ ಒಂದು ಮೂಲೆಯಲ್ಲಿ ಪೊಳ್ಳು ಅಂತ ಹೇಳಿತು. ಮೆಲ್ಲ ಕಡಿದು ನೋಡಿದರೆ ಕಲ್ಲಿನಲ್ಲಿ ಬಾವಿಯ ಹಾಗೆ ಉರುಟು ಬಾಯಿ. ಬಾಯಿಯ ಕೆಳಗೆ ಕಲ್ಲನ್ನೇ ಕೊರೆದು ಮಾಡಿದ ಒಂದು ಕೋಣೆ. ಅದರೊಳಗೆ ಮಡಿಕೆಗಳು, ತುಕ್ಕು ಹಿಡಿದ ಒಂದು ಕತ್ತಿ. ಉಳಿದವರು ಪಾಂಡವರ ಮನೆ ಅಂದರು, ನಿಧಿ ಅಂದರು. ತ್ಯಾಂಪಣ್ಣ ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮುಳ್ಳು ಹಾಕಿ, ಶಾಲೆಯ ಮಾಸ್ಟ್ರ ಹತ್ತಿರ ಇಲಾಖೆಗೆ ಕಾರ್ಡು ಬರೆಸಿದರು. ಮೈಸೂರಿನಿಂದ ಒಬ್ಬರು ಸಾಹೇಬರು ಬಂದರು. ಎರಡು ಸಾವಿರ ವರ್ಷದ ಹಿಂದಿನ ಸಮಾಧಿ ಇದು ಅಂತ ಹೇಳಿ ಮಡಿಕೆಗಳನ್ನು ಹುಲ್ಲಿನಲ್ಲಿ ಸುತ್ತಿ ತೆಗೆದುಕೊಂಡು ಹೋದರು.

ಮರುವರ್ಷ ವರದಿ ಅಚ್ಚಾಗಿ ಬಂತು. ಮಾಸ್ಟ್ರು ಇಂಗ್ಲಿಷಿನದ್ದನ್ನು ಕನ್ನಡ ಮಾಡಿ ಓದಿ ಹೇಳಿದರು. ಕೋರೆಯ ಧನಿಗಳ ಹೆಸರು ಇತ್ತು, ಸಾಹೇಬರ ಹೆಸರು ಇತ್ತು, ಫೋಟೋ ತೆಗೆದವನದ್ದೂ ಇತ್ತು. ಕಂಡುಹಿಡಿದವರು ಯಾರು ಅನ್ನುವಲ್ಲಿ ‘ಸ್ಥಳೀಯ ಕೂಲಿ ಒಬ್ಬ’ ಅಂತ ಇತ್ತು.

“ನನಗೆ ಹೆಸರಿಲ್ಲವಾ ಮಾಸ್ಟ್ರೆ?” ಎಂದು ಕೇಳಿದರಂತೆ ತ್ಯಾಂಪಣ್ಣ. ಅಷ್ಟೇ. ಮತ್ತೆ ಎದ್ದು ಕೋರೆಗೆ ಹೋದರು.

ಸಾಹೇಬರು ಮತ್ತೊಮ್ಮೆ ಬಂದಾಗ ಇದನ್ನೇ ಅವರ ಹತ್ತಿರವೂ ಕೇಳಿದರು. ಸಾಹೇಬರು ಒಳ್ಳೆಯವರು, ಮುಖ ಸಣ್ಣದು ಮಾಡಿಕೊಂಡರು. ಮುಂದಿನ ಸಲ ಏನಾದರೂ ಸಿಕ್ಕಿದರೆ ನಿಮ್ಮ ಹೆಸರನ್ನೇ ಮೊದಲು ಹಾಕುತ್ತೇನೆ ಅಂತ ಮಾತು ಕೊಟ್ಟರು. ಜೊತೆಗೆ ಈ ಕಾಗದವನ್ನೂ ಕೊಟ್ಟರು. ಈ ಗುಡ್ಡೆಯ ಸುತ್ತ ಯಾರು ಕಟ್ಟಡಕ್ಕೆ ನೆಲ ತೋಡಿದರೂ ತ್ಯಾಂಪಣ್ಣ ಕೂತು ನೋಡಬೇಕು, ಹಳೆಯದು ಏನಾದರೂ ಕಂಡರೆ ಕೆಲಸ ನಿಲ್ಲಿಸಿ ತಿಳಿಸಬೇಕು, ತಾನು ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು.

ಕೂತರು. ಒಂದು ಎರಡು ವರ್ಷ ಅಲ್ಲ, ಎಂಟು ವರ್ಷ. ಅವರ ಆ ಪುಸ್ತಕ ನಾನು ಓದಿದ್ದೇನೆ. ಸೊಸೈಟಿ ಗೋಡೌನು, ಪಂಪ್‌ಶೆಡ್ಡು, ಯಾರದ್ದೋ ದನದ ಹಟ್ಟಿ, ಶಾಲೆಯ ಪಾಯಿಖಾನೆ. ಸಿಕ್ಕಿದ್ದು ಎತ್ತಿನ ದವಡೆ, ತಗಡಿನ ಬೀಡಿ ಡಬ್ಬಿ, ಇಂಗ್ಲಿಷ್ ರಾಜನ ತಲೆ ಇದ್ದ ಒಂದು ಕಾಲಾಣೆ ನಾಣ್ಯ. ಪ್ರತಿಯೊಂದರ ಎದುರಿಗೂ ‘ಹೊಸತು’ ಅಂತ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಆ ಒಂದು ಶಬ್ದ ಬರೆಯುವಾಗ ಅವರಿಗೆ ಎಷ್ಟು ಬೇಜಾರಾಗಿರಬಹುದು ಅಂತ ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ಎಪ್ಪತ್ತೊಂಬತ್ತರ ಏಪ್ರಿಲಿನಲ್ಲಿ ನಮ್ಮ ಗುಡ್ಡೆ ಆಸ್ಪತ್ರೆಗೆ ಇನ್ನೊಂದು ಹೆರಿಗೆ ವಾರ್ಡು ಜೋಡಿಸುವುದು ಅಂತ ಆಯಿತು. ಅರುವತ್ತೆರಡರಲ್ಲಿ ನಾಲ್ಕು ಮಂಚದಿಂದ ಸುರುವಾದ ಆಸ್ಪತ್ರೆ. ಈಗ ಬಾಣಂತಿಯರು ಜಗಲಿಯಲ್ಲಿ ಮಲಗುವಷ್ಟು ಜನ. ಕೆಲಸ ವಹಿಸಿಕೊಂಡವರು ಮತ್ತಾಯಿ ಮೇಸ್ತ್ರಿ. ನೆಲ್ಯಾಡಿ ಕಡೆಯವರು, ಅವರ ಅಪ್ಪ ಕೇರಳದ ಪಾಲಾದಿಂದ ಬಂದು ಕಾಡು ಕಡಿದು ರಬ್ಬರು ಹಾಕಿದವರು. ಮಳೆ ಹಿಡಿಯುವುದರ ಒಳಗೆ ಹಂಚು ಹೊದೆಸಿ ಮಾಡು ಆಗಬೇಕು. ಹಿಂದಿನ ಗೋಡೆಯ ಆಚೆ, ಬಾವಿಯಿಂದ ಹಲಸಿನ ಮರದವರೆಗೆ ಅರುವತ್ತು ಅಡಿ ಕಣಿ. ತ್ಯಾಂಪಣ್ಣ ಬುಟ್ಟಿ ಕವುಚಿ ಕೂತರು.

“ತ್ಯಾಂಪಣ್ಣ, ಈ ಸಲ ಪಾಂಡವರು ಸಿಕ್ಕಿದ್ರೆ ನನಗೆ ಹೇಳ್ಬೇಡಿ” ಎಂದರು ಮತ್ತಾಯಿ. “ಅವರಿಗೇ ಹೇಳಿ, ಮಳೆಗಾಲ ಕಳೆದು ಬನ್ನಿ ಅಂತ.”

“ಅವರು ನಿಮ್ಮ ಹಾಗೆ ಕಂತ್ರಾಟುದಾರರಾ, ಕರೆದಾಗ ಬಾರದೆ ಇರ್ಲಿಕ್ಕೆ?” ಎಂದರು ತ್ಯಾಂಪಣ್ಣ.

ಎರಡನೇ ದಿನ ಬೆಳಿಗ್ಗೆ ಚೆನ್ನುವಿನ ಹಾರೆಗೆ ಟಕ್ ಎಂದಿತು. ಚೆನ್ನು ಮತ್ತಾಯಿಯ ಕೆಲಸದ ಹೆಂಗಸರಿಗೆಲ್ಲ ಹಿರಿಯಳು, ಗಂಡಸರಿಗೆ ಸಮ ಹಾರೆ ಹಾಕುವವಳು. ಒಂದೂವರೆ ಮೊಳ ಆಳದಲ್ಲಿ ಒಂದು ಸಣ್ಣ ಕುಡಿಕೆ, ಬಾಯಿಗೆ ಚಪ್ಪಟೆ ಕೆಂಪುಕಲ್ಲಿನ ಚೂರು ಮುಚ್ಚಿದ್ದು. ಕೊಡೆ ಮೇಲೆ ಹೋಯಿತು. ತ್ಯಾಂಪಣ್ಣ ತಾನೇ ಕಣಿಗೆ ಇಳಿದು ಕೈಯಲ್ಲಿ ಮಣ್ಣು ಬಿಡಿಸಿದರು. ಅದರಿಂದ ಒಂದು ಮೊಳ ಆಚೆ ಇನ್ನೊಂದು. ಮತ್ತೆ ಒಂದು ಮೊಳಕ್ಕೆ ಮತ್ತೊಂದು. ಗೆರೆ ಎಳೆದ ಹಾಗೆ ಸಾಲು.

ಚೆನ್ನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

“ಹೆದರ್ಬೇಡ ಚೆನ್ನೂ. ಎರಡು ಸಾವಿರ ವರ್ಷ ಆಯ್ತು ಇದಕ್ಕೆ. ಸತ್ತವರನ್ನು ಸುಟ್ಟು ಬೂದಿ ತುಂಬಿ ಇಟ್ಟದ್ದು.”

“ಹೌದಾ ತ್ಯಾಂಪಣ್ಣ?” ಎಂದಳು ಚೆನ್ನು. “ಅಷ್ಟು ಹಳತಾ?”

ಹಿಂದೆ ಬುಟ್ಟಿ ಹಿಡಿದು ನಿಂತ ಹೆಂಗಸರಲ್ಲಿ ಒಬ್ಬಳಿಗೆ ಕೆಮ್ಮು ಬಂತು. ಆಮೇಲೆ ಎಲ್ಲರಿಗೂ ಬಂತು.

“ಧೂಳು” ಎಂದರು ತ್ಯಾಂಪಣ್ಣ. “ಸ್ವಲ್ಪ ನೀರು ಚಿಮುಕಿಸಿ.”

ಮೂರು ದಿನದಲ್ಲಿ ನಲವತ್ತೊಂದು ಕುಡಿಕೆ ಕಾಣಿಸಿಕೊಂಡವು. ಮುಚ್ಚಳ ತೆಗೆಯಬಾರದು ಅಂತ ಸಾಹೇಬರ ಕಟ್ಟಪ್ಪಣೆ ಇದ್ದದ್ದರಿಂದ ತ್ಯಾಂಪಣ್ಣ ಯಾವುದನ್ನೂ ತೆರೆಯಲಿಲ್ಲ. ಹಾರೆ ತಾಗಿ ಒಡೆದ ಮೂರರ ಒಳಗೆ ಮಾತ್ರ ನೋಡಿದರು. ಇದ್ದಲಿನ ಮಸಿ, ಕಪ್ಪು ಮಣ್ಣು, ಮತ್ತೆ ಒಂದೊಂದು ಗಾಜಿನ ಬಳೆಯ ಚೂರು. ಒಂದು ಹಸಿರು, ಒಂದು ನೀಲಿ, ಒಂದು ಕಪ್ಪು. ಹೆಣ ಸುಟ್ಟದ್ದರ ಮಸಿಯೇ ಅಂತ ಎಣಿಸಿದರು. ಕಡಬಕ್ಕೆ ಹೋಗಿ ಸಾಹೇಬರಿಗೆ ತಂತಿ ಕೊಟ್ಟರು. ಗುರುವಾರ ಬರುತ್ತೇನೆ ಅಂತ ಅಲ್ಲಿಂದ ತಂತಿ ಬಂತು, ಕೊನೆಯಲ್ಲಿ ‘ನಿಮ್ಮ ಹೆಸರು ಮೊದಲು’ ಅಂತಲೂ ಇತ್ತು. ಆ ತಂತಿಯನ್ನು ಅವರು ಇಲಾಖೆಯ ಕಾಗದದ ಒಳಗೆ ಮಡಚಿ ಇಟ್ಟುಕೊಂಡರು.

ಮತ್ತಾಯಿ ತಲೆಗೆ ಕೈ ಇಟ್ಟು ಹಲಸಿನ ಬುಡದಲ್ಲಿ ಕೂತಿದ್ದರು.

“ಎರಡು ಸಾವಿರ ವರ್ಷ ಕಾದಿದ್ದಾವೆ ಮತ್ತಾಯಿ. ನಿಮಗೆ ಗುರುವಾರದವರೆಗೆ ಕಾಯ್ಲಿಕ್ಕೆ ಆಗುದಿಲ್ಲವಾ?”

“ಕುಡಿಕೆಗೆ ಮನೆಯಲ್ಲಿ ಹೆಂಡತಿ ಇಲ್ಲ ಮಾರಾಯ್ರೆ. ನನಗೆ ರಾಹೇಲ್ ಉಂಟು. ಮಳೆಯ ಒಳಗೆ ಮಾಡು ಆಗದಿದ್ರೆ ನನ್ನನ್ನೂ ಸುಟ್ಟು ಅದರಲ್ಲೇ ತುಂಬಿಸ್ತಾಳೆ.”

ಇಷ್ಟೆಲ್ಲ ಆಗುವಾಗ ಒಂದು ಸಂಗತಿ ತ್ಯಾಂಪಣ್ಣನ ಹಿಮ್ಮಡಿಗೆ ಗೊತ್ತಿತ್ತು. ಪುಸ್ತಕದಲ್ಲಿ ಅವರೇ ಬರೆದಿದ್ದಾರೆ: ‘ಕುಡಿಕೆಯ ಸುತ್ತ ಮಣ್ಣು ಸಡಿಲ. ಮೇಲಿನ ಜಲ್ಲಿ ಸಹ ಒಳಗೆ ಬಿದ್ದಿದೆ.’ ಜಲ್ಲಿ ಅಂದರೆ ಆಸ್ಪತ್ರೆ ಕಟ್ಟುವಾಗ ಹಾಸಿದ್ದು. ಎರಡು ಸಾವಿರ ವರ್ಷದ ಗುಂಡಿಯ ಒಳಗೆ ಅರುವತ್ತೆರಡರ ಜಲ್ಲಿ ಹೇಗೆ ಬರುತ್ತದೆ? ಬೇರೆ ಯಾವ ದಿನವಾದರೂ ಅವರು ಅಲ್ಲೇ ‘ಹೊಸತು’ ಅಂತ ಬರೆದು ಕೊಡೆ ಇಳಿಸುತ್ತಿದ್ದರು. “ಕಾಲು ಹೇಳಿತ್ತು. ನಾನೇ ಕೇಳ್ಲಿಲ್ಲ” ಎಂದು ಈಗಲೂ ಹೇಳುತ್ತಾರೆ. ಎಂಟು ವರ್ಷ ಕಾದವರ ಕಿವಿ ಅದು, ನಾನಾದರೂ ಕೇಳುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ತ್ಯಾಂಪಣ್ಣ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಹೆಂಡತಿ ಸೀತುವಿನ ಎದುರು ಬಿಡಿಸಿದರು.

“ಇದಾ ನೋಡು. ಎರಡು ಸಾವಿರ ವರ್ಷದ ಹಿಂದೆ ಒಬ್ಬಳು ಹೆಂಗಸು ಹಾಕಿದ ಬಳೆ.”

ಸೀತು ಕೈ ಒರಸಿಕೊಂಡು ಬಂದು ಹಸಿರು ಚೂರನ್ನು ಬೆಳಕಿಗೆ ಹಿಡಿದರು. ಹಸಿರಿನ ನಡುವೆ ಹಳದಿ ಚುಕ್ಕೆ. ತುಂಬ ಹೊತ್ತು ನೋಡಿದರು.

“ಬೆಳ್ಳಾರೆಯಲ್ಲಿ ತೆಗೊಂಡದ್ದು” ಎಂದರು.

“ಎಂತ?”

“ಈ ಬಳೆ. ಡಜನಿಗೆ ಎರಡು ಹೆಚ್ಚು ಕೊಟ್ಟಿದ್ದ ಬಳೆಗಾರ. ಸುಂದರಿ ಹುಟ್ಟುವಾಗ ನೋವಿಗೆ ನಾನು ಗೋಡೆಗೆ ಕೈ ಬಡಿದು ಒಡೆದದ್ದು.” ಸೀತು ಒಲೆಯ ಕಡೆ ತಿರುಗಿ ನಿಂತರು. “ನಿಮಗೆ ಮೀನು ಹಾಕ್ಲಾ?”

ತ್ಯಾಂಪಣ್ಣ ಬಟ್ಟಲಿನ ಎದುರು ಹಾಗೇ ಕೂತರು. ಸೀತು ಬೆನ್ನು ಹಾಕಿಕೊಂಡೇ ಎಲ್ಲ ಹೇಳಿದರು.

ಮಗುವಿನ ಹಿಂದೆ ಬರುವ ಮಾಸನ್ನು ಮನೆ ಹೆರಿಗೆಯಲ್ಲಾದರೆ ಹೆಂಗಸರೇ ಮರ್ಯಾದೆಯಲ್ಲಿ ಹುಗಿಯುತ್ತಿದ್ದರು. ಆಸ್ಪತ್ರೆಯಲ್ಲಿ ಅದನ್ನು ಹೊಂಡಕ್ಕೆ ಹಾಕುತ್ತಾರಂತೆ, ನಾಯಿ ಎಳೆದುಕೊಂಡು ಹೋಗುತ್ತದಂತೆ ಅಂತ ಸುದ್ದಿಯಾಗಿ ಮೊದಲ ವರ್ಷ ಆಸ್ಪತ್ರೆಗೆ ಒಬ್ಬಳೂ ಕಾಲಿಡಲಿಲ್ಲ. ಆಗ ಅಲ್ಲಿನ ಆಯಾ ರುಖಿಯಮ್ಮ ಮನೆ ಮನೆಗೆ ಹೋಗಿ, ನೀವು ಬನ್ನಿ, ಅದನ್ನು ನಾನು ನೋಡಿಕೊಳ್ಳುತ್ತೇನೆ ಅಂದರು. ಪ್ರತಿಯೊಬ್ಬಳದ್ದನ್ನೂ ಒಂದೊಂದು ಕುಡಿಕೆಯಲ್ಲಿ ಉಪ್ಪು, ಮಸಿ ಹಾಕಿ ಹಿತ್ತಿಲ ಗೋಡೆಯ ಹತ್ತಿರ ಹುಗಿದರು. ಯಾರದ್ದು ಅಂತ ಗುರುತಿಗೆ ತಾಯಿಯ ಬಳೆಯ ಒಂದು ಚೂರು. ಇದು ರುಖಿಯಮ್ಮನದ್ದೇ ಲೆಕ್ಕಾಚಾರ, ಬೇರೆಲ್ಲೂ ನಾನು ಕೇಳಿಲ್ಲ. ಆರೇಳು ವರ್ಷ ಕಳೆದು ಎಲ್ಲರಿಗೂ ಆಸ್ಪತ್ರೆ ಅಭ್ಯಾಸವಾದ ಮೇಲೆ ಯಾರೂ ಕೇಳಲಿಲ್ಲ, ಅವರೂ ನಿಲ್ಲಿಸಿದರು. ಈ ಹೊತ್ತಿಗೆ ರುಖಿಯಮ್ಮ ಮಗಳ ಬಾಣಂತನಕ್ಕೆ ಅಂತ ಉಪ್ಪಿನಂಗಡಿಗೆ ಹೋಗಿದ್ದರು. ಡಾಕ್ಟರು, ನರ್ಸು ಎಲ್ಲ ಹೊಸಬರು.

“ಚೆನ್ನುವಿಗೆ ಗೊತ್ತುಂಟಾ?”

“ಅವಳದ್ದು ಎರಡು ಉಂಟು ಅಲ್ಲಿ.”

“ಮತ್ತೆ ಯಾರಿಗೆ ಗೊತ್ತುಂಟು?”

“ಹೆಂಗಸರಿಗೆಲ್ಲ ಗೊತ್ತುಂಟು.”

“ನನಗೆ ಯಾಕೆ ಒಬ್ಬರೂ ಹೇಳ್ಲಿಲ್ಲ?”

“ಗಂಡಸರಿಗೆ ಅದೆಲ್ಲ ಹೇಳುದುಂಟಾ?” ಎಂದರು ಸೀತು. ಆಮೇಲೆ ಸಣ್ಣ ದನಿಯಲ್ಲಿ, “ನೀವು ಬೇರೆ ಈ ಮೂರು ದಿನ ಎರಡೆರಡು ಸಲ ಅನ್ನ ಹಾಕಿಸಿಕೊಂಡಿರಿ. ಹೇಗೆ ಹೇಳುದು?”

ಅವತ್ತು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಸಂಜೆ ಬಸ್ಸಿಗೆ ರುಖಿಯಮ್ಮ ಬಂದಿಳಿದರು. ಕಣಿ ನೋಡಿದವರೇ ಗಂಟು ಕೆಳಗಿಟ್ಟು ನಿಂತುಬಿಟ್ಟರು. ತ್ಯಾಂಪಣ್ಣ ಬುಟ್ಟಿಯಿಂದ ಎದ್ದು ಅವರಿಗೆ ಕೂರಲು ಕೊಟ್ಟರು.

“ಅಲ್ಲಾ ತ್ಯಾಂಪಣ್ಣ, ಎಂತ ಮಾಡಿಟ್ಟಿದ್ದೀರಿ ನೀವು? ನನ್ನ ಮಕ್ಕಳನ್ನೆಲ್ಲ ಎಬ್ಬಿಸಿದ್ದೀರಲ್ಲ.”

“ನೀವು ಒಂದು ಮೊಳ, ಒಂದು ಮೊಳ ಅಂತ ಅಳೆದು ಇಟ್ಟದ್ದು ಯಾಕೆ ರುಖಿಯಮ್ಮ? ಅದರಿಂದ ನಾನು ಹಾಳಾದದ್ದು.”

“ಮತ್ತೆ? ಕತ್ತಲೆಯಲ್ಲಿ ತೋಡುವಾಗ ಒಂದರ ಮೇಲೆ ಒಂದು ಹಾರೆ ಹಾಕ್ಲಿಕ್ಕೆ ಆಗ್ತದಾ?” ರುಖಿಯಮ್ಮ ಸಾಲನ್ನು ಇನ್ನೊಮ್ಮೆ ನೋಡಿದರು. “ಸಾಹೇಬರಿಗೆ ನಾನು ಹೇಳ್ತೇನೆ. ಬೈಯುದಾದ್ರೆ ನನಗೆ ಬೈಲಿ.”

“ಬೇಡ. ಕೊಡೆ ಎತ್ತಿದ್ದು ನಾನು.”

ಈಗ ಯೋಚಿಸಿ ನೋಡಿ. ಅವರು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಾಹೇಬರೇ ನೋಡಿ ಏನಾದರೂ ಹೇಳಲಿ ಅಂತ ಬುಟ್ಟಿಯ ಮೇಲೆ ಕೂತಿರಬಹುದಿತ್ತು. ಹೆಂಗಸರು ಬಾಯಿ ಬಿಡುತ್ತಿರಲಿಲ್ಲ, ಸಾಲು ಅಷ್ಟು ಚಂದ ಇತ್ತು, ವರದಿಯಲ್ಲಿ ಹೆಸರು ಮೊದಲು ಬರುತ್ತಿತ್ತೋ ಏನೋ.

ಗುರುವಾರ ಹತ್ತು ಗಂಟೆಗೆ ಜೀಪು ಬಂತು. ಸಾಹೇಬರು ಇಳಿದವರು ಕಣಿಯ ಅಂಚಿಗೆ ಹೆಚ್ಚುಕಡಿಮೆ ಓಡಿಯೇ ಬಂದರು. ಮೊಣಕಾಲೂರಿ ಒಂದು ಕುಡಿಕೆಯನ್ನು ಎರಡು ಕೈಯಲ್ಲಿ ಎತ್ತಿ ಎದೆಯ ಹತ್ತಿರ ಹಿಡಿದರು. “ತ್ಯಾಂಪಣ್ಣ, ಇಡೀ ಕರಾವಳಿಯಲ್ಲಿ ಇಂಥ ಸಾಲು ನಾನು ನೋಡಿಲ್ಲ” ಎಂದರು.

“ಅದು ಹೊಸತು ಸರ್” ಎಂದರು ತ್ಯಾಂಪಣ್ಣ.

“ಹೇಗೆ ಹೇಳ್ತೀರಿ? ಈ ಅಂತರ ನೋಡಿ, ಏನೋ ವಿಧಿ ಇರಬೇಕು.”

“ಒಂದಕ್ಕೊಂದು ಹಾರೆ ತಾಗದ ಹಾಗೆ ಸರ್.”

“ಕಲ್ಲಿನ ಮುಚ್ಚಳ?”

“ನಾಯಿ ತೆಗೀದ ಹಾಗೆ.”

“ಮಸಿ ಉಂಟು ಅಂತ ನೀವೇ ತಂತಿ ಕೊಟ್ಟಿದ್ದೀರಲ್ಲ.”

“ವಾಸನೆ ಬಾರದ ಹಾಗೆ ಸರ್.” ತ್ಯಾಂಪಣ್ಣ ಟವೆಲಿನಿಂದ ಮುಖ ಒರಸಿಕೊಂಡರು. “ಇದು ಈ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಮಾಸು. ನೀವು ಕೈಯಲ್ಲಿ ಹಿಡಿದದ್ದು ಯಾರದ್ದು ಅಂತ ರುಖಿಯಮ್ಮ ಹೇಳ್ತಾರೆ. ಆ ಒಡೆದದ್ದು ನನ್ನ ಮಗಳದ್ದು. ಮಣ್ಣು ಸಡಿಲ ಉಂಟು ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು. ನಿಮ್ಮನ್ನು ಅಷ್ಟು ದೂರದಿಂದ ಕರೆಸಿದ್ದು ನನ್ನ ತಪ್ಪು.”

ಸಾಹೇಬರು ಎತ್ತಿದ ಕುಡಿಕೆಯನ್ನು ಎಲ್ಲಿಂದ ಎತ್ತಿದ್ದರೋ ಅಲ್ಲೇ, ಮಲಗಿದ ಮಗುವನ್ನು ಇಡುವ ಹಾಗೆ ಮೆಲ್ಲ ಇಟ್ಟರು.

“ಸೋಪು ಉಂಟಾ ಇಲ್ಲಿ?” ಎಂದು ಕೇಳಿದರು.

ಮೂರು ದಿನ ಕೆಮ್ಮಿದ ಹೆಂಗಸರಿಗೆ ಇನ್ನು ತಡೆಯಲು ಆಗಲಿಲ್ಲ. ಚೆನ್ನು ಬುಟ್ಟಿ ಬಿಟ್ಟು ನೆಲಕ್ಕೇ ಕೂತು ನಕ್ಕಳು. ರುಖಿಯಮ್ಮ ನಕ್ಕರು, ಮತ್ತಾಯಿ ನಕ್ಕರು, ಕಡೆಗೆ ಕೈ ತೊಳೆಯುತ್ತಾ ಸಾಹೇಬರೂ ನಕ್ಕರು. ತ್ಯಾಂಪಣ್ಣ ಮಾತ್ರ ನಗಲಿಲ್ಲ. ಕಿಸೆಯಿಂದ ಇಲಾಖೆಯ ಕಾಗದ ತೆಗೆದು ವಾಪಸ್ಸು ಹಿಡಿದರು.

“ಇದು ಇನ್ನು ನನ್ನ ಹತ್ತಿರ ಇರುದು ಸರಿಯಲ್ಲ ಸರ್.”

ಸಾಹೇಬರು ಒದ್ದೆ ಕೈಯಲ್ಲಿ ಅದನ್ನು ಮುಟ್ಟಲಿಲ್ಲ. “ಒಳಗೆ ಇಡಿ. ಎರಡು ಸಾವಿರ ವರ್ಷದ್ದು ಅಂತ ನನ್ನನ್ನು ನಂಬಿಸ್ಲಿಕ್ಕೆ ನಿಮಗೆ ಕಷ್ಟ ಇರಲಿಲ್ಲ” ಎಂದರು. “ಆದ್ರೆ ವರದಿಯಲ್ಲಿ ಹೆಸರು ಹಾಕ್ಲಿಕ್ಕೆ ಈ ಸಲ ಏನೂ ಇಲ್ಲವಲ್ಲ ತ್ಯಾಂಪಣ್ಣ.”

“ಇಲ್ಲ ಸರ್” ಎಂದರು ತ್ಯಾಂಪಣ್ಣ. ಆಮೇಲೆ ಬಗ್ಗಿ ಕೊಡೆಯನ್ನು ಎತ್ತಿಕೊಂಡು, ಅದರ ತುದಿಯನ್ನು ನೆಲಕ್ಕೆ ಊರಿದರು. ಕೆಲಸ ಸುರು ಮಾಡಬಹುದು ಅಂತ ಅದರ ಅರ್ಥ.

ಕುಡಿಕೆಗಳನ್ನು ಏನು ಮಾಡುವುದು ಅಂತ ಯಾರೂ ಚರ್ಚೆ ಮಾಡಲಿಲ್ಲ. ತ್ಯಾಂಪಣ್ಣ ಬಾವಿಯ ಆಚೆ ಬದಿಯಲ್ಲಿ ತಾನೇ ಕಣಿ ತೋಡಿ, ಒಂದೊಂದನ್ನೇ ಕೊಂಡುಹೋಗಿ ಅದೇ ಕ್ರಮದಲ್ಲಿ, ಅದೇ ಒಂದು ಮೊಳ ಬಿಟ್ಟು ಇಟ್ಟರು. ಒಡೆದ ಮೂರಕ್ಕೆ ಹೊಸ ಕುಡಿಕೆ ತಂದರು. ಬಳೆ ಚೂರುಗಳನ್ನು ಆಯಾ ಕುಡಿಕೆಗೇ ಹಾಕಿದರು. ರುಖಿಯಮ್ಮ ಬದಿಯಲ್ಲಿ ಕೂತು, ಇದು ಸಾಹುಲ್ ಹಮೀದನದ್ದು, ಇದು ಕಮಲಾವತಿಯ ಎರಡನೆಯವನದ್ದು, ಇದು ಜೋಳಿಯದ್ದು ಅಂತ ಹೇಳುತ್ತಾ ಹೋದರು. ಎರಡು ಕಡೆ ಮಾತ್ರ ತಡವರಿಸಿದರಂತೆ. ತ್ಯಾಂಪಣ್ಣ ಅದನ್ನೆಲ್ಲ ಪುಸ್ತಕದಲ್ಲಿ ನಂಬರು ಹಾಕಿ ಬರೆದರು. ಹದಿನೇಳನೆಯದು ಸುಂದರಿ. ಮೂವತ್ತೆಂಟನೆಯದು ನಾನು. ಪ್ರತಿಯೊಂದರ ಎದುರಿಗೂ ‘ಹೊಸತು’ ಅಂತ ಇದೆ, ಈ ಸಲ ಅಕ್ಷರ ಚಂದ ಉಂಟು.

ಮತ್ತಾಯಿಯ ಮಾಡು ಮೇ ಇಪ್ಪತ್ತೊಂಬತ್ತಕ್ಕೆ ಮುಗಿಯಿತು. ಮೂವತ್ತೊಂದಕ್ಕೆ ಮಳೆ.

ಹೋದ ವರ್ಷ, ಅಂದರೆ ಎಂಬತ್ತೈದರಲ್ಲಿ, ಬೆಟ್ಟಂಪಾಡಿ ಕಡೆ ಒಂದು ಶಾಲೆಗೆ ಎರಡು ಕೋಣೆ ಜೋಡಿಸುವ ಕೆಲಸ ಮತ್ತಾಯಿಗೇ ಸಿಕ್ಕಿತು. ಅಲ್ಲಿಗೂ ಸಾಹೇಬರು ಇವರನ್ನೇ ಕಳಿಸಿದರು. ತ್ಯಾಂಪಣ್ಣನಿಗೆ ಈಗ ಅರುವತ್ತು, ಕೊಡೆಯ ಬಟ್ಟೆ ಎರಡು ಸಲ ಬದಲಾಗಿದೆ, ಹಿಡಿ ಹಳೆಯದೇ. ನಾಲ್ಕನೇ ದಿನ ಚೆನ್ನುವಿನ ಹಾರೆಗೆ ಟಕ್ ಎಂದಿತು. ಮಡಿಕೆಯ ಒಂದು ಅಂಚು, ಹೊರಗೆ ಕೆಂಪು, ಒಳಗೆ ಕಪ್ಪು, ಎಣ್ಣೆ ಉಜ್ಜಿದ ಹಾಗೆ ಮಿಣುಗುವಂಥದ್ದು, ಕೋರೆಯ ಕೋಣೆಯಲ್ಲಿ ಸಿಕ್ಕಿದ ಮಡಿಕೆಗಳ ಹಾಗೆಯೇ.

ಕೊಡೆ ಎದ್ದಿತು. ತ್ಯಾಂಪಣ್ಣ ಕಣಿಗೆ ಇಳಿದು, ಹಿಮ್ಮಡಿಯಿಂದ ಎರಡು ಸಲ ಕುಟ್ಟಿ, ಸುಮ್ಮನೆ ನಿಂತು ಕೇಳಿಸಿಕೊಂಡರು. ಆಮೇಲೂ ಪುಸ್ತಕ ತೆಗೆಯಲಿಲ್ಲ. ತಲೆ ಎತ್ತಿ ನೋಡಿದರು.

“ಚೆನ್ನೂ, ಇದು ಯಾರದ್ದು?”

ಚೆನ್ನು ಬಗ್ಗಿ ನೋಡಿದಳು. ಉಳಿದ ಹೆಂಗಸರನ್ನೂ ಕರೆದು ತೋರಿಸಿದಳು. ಅವರು ಒಬ್ಬರನ್ನೊಬ್ಬರು ನೋಡಿ ತಲೆ ಆಡಿಸಿದರು. ಯಾರಿಗೂ ಕೆಮ್ಮು ಬರಲಿಲ್ಲ.

“ಇದು ನಮ್ಮದಲ್ಲ ತ್ಯಾಂಪಣ್ಣ. ನೀವು ಬರೀರಿ.”

ತ್ಯಾಂಪಣ್ಣ ಕಣಿಯ ಅಂಚಿನಲ್ಲಿ ಕೂತು ಪೆನ್ಸಿಲು ತೆಗೆದರು. ತಾರೀಕು ಬರೆದರು, ಆಳ ಬರೆದರು. ‘ಕಂಡುಹಿಡಿದವರು’ ಎಂಬಲ್ಲಿಗೆ ಬಂದಾಗ ಪೆನ್ಸಿಲು ನಿಂತಿತು.

“ನಿನ್ನ ಹೆಸರು ಪೂರ್ತಿ ಎಂತ ಚೆನ್ನೂ?”

“ಚೆನ್ನು. ಪೂರ್ತಿಯೇ ಅಷ್ಟು. ಯಾಕೆ?”

“ಹಾರೆ ತಾಗಿಸಿದ್ದು ನೀನಲ್ಲವಾ?” ಎಂದರು ತ್ಯಾಂಪಣ್ಣ. ಅವಳ ಹೆಸರನ್ನು ಮೊದಲು ಬರೆದು, ಅದರ ಕೆಳಗೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ, ತನ್ನದನ್ನು ಬರೆದರು.